ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಚೇಂಜ್ ಮಾಡ್ಬೇಕು, 1.3 ಲಕ್ಷ ಆಗುತ್ತೆ ಅಂತಿದಾರೆ. 58 ಸಾವಿರ ಕಿಮೀ ಓಡಿರೋ ಗಾಡಿಗೆ ನಿಜವಾಗ್ಲೂ ಬೇಕಾ?

ಬನಶಂಕರಿ_ಡೀಸೆಲ್

ಎಲ್ರಿಗೂ ನಮಸ್ಕಾರ. ನಂದು 2020ರ ಕೊನೇಲಿ ತಗೊಂಡ ಬಿಎಸ್6 ಡೀಸೆಲ್ ಗಾಡಿ, 1.5 ಲೀಟರ್ ಎಂಜಿನ್, ಮ್ಯಾನ್ಯುಯಲ್ ಗೇರು, ಓಡಿರೋದು 58 ಸಾವಿರ ಚಿಲ್ಲರೆ. ಯಾವ ಕಂಪನಿ ಅಂತ ಬೇಡ, ಸುಮ್ನೆ ಜಗಳ ಶುರುವಾಗುತ್ತೆ.

ಸಮಸ್ಯೆ ಏನಪ್ಪಾ ಅಂದ್ರೆ, ಸ್ವಲ್ಪ ದಿನದ ಹಿಂದೆ ಮೀಟರ್ ಬೋರ್ಡ್‌ಲಿ ಡಿಪಿಎಫ್ ಲೈಟ್ ಬಂತು. ಮ್ಯಾನ್ಯುಯಲ್ ತೆಗೆದು ನೋಡಿದ್ರೆ ಹೈವೇಲಿ ಒಂದೇ ಸ್ಪೀಡಲ್ಲಿ ಸ್ವಲ್ಪ ಹೊತ್ತು ಓಡಿಸಿ, ತಾನೇ ಹೋಗುತ್ತೆ ಅಂತಿದೆ. ಸರಿ ಅಂತ ನೈಸ್ ರೋಡಲ್ಲಿ ಓಡಿಸ್ದೆ, ಹೋಗ್ಲಿಲ್ಲ. ಭಾನುವಾರ ಬೆಳಗ್ಗೆ ಮೈಸೂರು ಎಕ್ಸ್‌ಪ್ರೆಸ್‌ವೇಲಿ ಮದ್ದೂರಿನ ತನಕ ಹೋಗಿ ಬಂದೆ, 80-90ರಲ್ಲಿ, ಗೇರು ಒಂದು ಕಮ್ಮಿ ಇಟ್ಕೊಂಡು ಆರ್‌ಪಿಎಂ ಮೇಲಿಟ್ಟು, ಎಲ್ಲ ಹೇಳಿದಂಗೇ ಮಾಡಿದೀನಿ. ಡಿಪಿಎಫ್ ಲೈಟ್ ಹೋಗೋದಿರ್ಲಿ, ವಾಪಸ್ ಬರ್ತಾ ಬಿಡದಿ ಹತ್ರ ಎಂಜಿನ್ ಲೈಟೂ ಬಂತು, ಪಿಕಪ್ ಪೂರ್ತಿ ಸತ್ತೋಯ್ತು, 2500 ಆರ್‌ಪಿಎಂ ದಾಟ್ತಾನೇ ಇಲ್ಲ. ಲಾರಿಗಳೆಲ್ಲ ಹಾರ್ನ್ ಹೊಡ್ಕೊಂಡು ಓವರ್‌ಟೇಕ್ ಮಾಡ್ಕೊಂಡು ಹೋದ್ವು.

ಸರ್ವಿಸ್ ಸೆಂಟರ್‌ಗೆ ಬಿಟ್ಟೆ. ಸ್ಕ್ಯಾನ್ ಮಾಡಿ ಪಿ2463 ಕೋಡ್ ಇದೆ, ಡಿಪಿಎಫ್ ಫುಲ್ ಬ್ಲಾಕ್, ಮಿಷಿನ್ ಹಾಕಿ ಫೋರ್ಸ್ಡ್ ರೀಜೆನ್ (ಫಿಲ್ಟರ್ ಒಳಗಿನ ಮಸಿನ ಒತ್ತಾಯವಾಗಿ ಸುಡಿಸೋದು) ಟ್ರೈ ಮಾಡಿದ್ವಿ ಗಾಡಿ ತಗೊಳ್ತಿಲ್ಲ, ಹೊಸದೇ ಹಾಕ್ಬೇಕು ಅಂದ್ರು. ಎಸ್ಟಿಮೇಟ್ 1.3 ಲಕ್ಷ ಪ್ಲಸ್ ಲೇಬರ್. ವಾರಂಟಿ ಮುಗಿದಿದೆ. ಕ್ಲೀನ್ ಮಾಡಕ್ಕಾಗಲ್ವಾ ಅಂದ್ರೆ ನಾವು ಅದೆಲ್ಲ ಮಾಡಲ್ಲ ಸರ್ ಅಂದ್ರು. ಕೆಲಸ ಮಾಡಿಸ್ದೆ ಗಾಡಿ ಮನೆಗೆ ತಂದಿದೀನಿ.

ಇನ್ನೊಂದು ವಿಷ್ಯ, ಕಪ್ಪು ಹೊಗೆ ಒಂಚೂರೂ ಇಲ್ಲ, ಎಮಿಷನ್ ಟೆಸ್ಟ್ ಮೊನ್ನೆ ಮೊನ್ನೆ ಪಾಸ್ ಆಗಿದೆ. ಮೈಲೇಜ್ ಮಾತ್ರ ಒಂದು ವರ್ಷದಿಂದ ಕಮ್ಮಿ, ಮೊದ್ಲು ಹೈವೇಲಿ 19 ಕೊಡ್ತಿತ್ತು ಈಗ 15-16. ಹೊಗೇನೇ ಇಲ್ಲ ಅಂದ್ಮೇಲೆ ಹೊಗೆ ಫಿಲ್ಟರ್ ಹೆಂಗೆ ಹಾಳಾಗಿರುತ್ತೆ? ಗೊತ್ತಿರೋರು ದಯವಿಟ್ಟು ಹೇಳಿ.

ಟರ್ಬೊ_ತಮ್ಮ

ಗುರು ತಲೆನೇ ಕೆಡಿಸ್ಕೋಬೇಡ. ಡಿಪಿಎಫ್ ಒಳಗಿಂದು ತೆಗೆಸಿ ಖಾಲಿ ಡಬ್ಬ ಹಾಕ್ಸು, ಇಸಿಯು (ಎಂಜಿನ್ ಕಂಪ್ಯೂಟರ್) ರೀಮ್ಯಾಪ್ ಮಾಡ್ಸು, ಲೈಟೂ ಬರಲ್ಲ ಪಿಕಪ್ಪೂ ಸೂಪರ್. 30 ಸಾವಿರದೊಳಗೆ ಕೆಲಸ ಆಗೋಗುತ್ತೆ. ನನ್ ಫ್ರೆಂಡ್ ಗಾಡಿಗೆ ಮಾಡ್ಸಿದಾನೆ ಬೆಂಕಿ ಓಡುತ್ತೆ

ಕಡಲ_ಕಡೆಯವ

ಟರ್ಬೊ ತಮ್ಮ, ಸ್ವಲ್ಪ ನಿಧಾನ ಮಾರಾಯ್ರೆ. ಅದು ಕಾನೂನು ಪ್ರಕಾರ ತಪ್ಪು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2)ರಲ್ಲಿ ಮಾಲಿನ್ಯದ ನಿಯಮ ಮೀರಿದ್ದಕ್ಕೆ 10 ಸಾವಿರದ ತನಕ ದಂಡ ಉಂಟು, ಜೈಲೂ ಉಂಟು, ಲೈಸೆನ್ಸೂ ಮೂರು ತಿಂಗಳು ಹೋಗ್ತದೆ. ಅದು ಬಿಡಿ, ಹಿಂದೆ ಬೈಕಲ್ಲಿ ಬರುವವನ ಮೂಗಿಗೆ ಮಸಿ ಬಿಟ್ಟು ನಾವು ಪಿಕಪ್ ಸೂಪರ್ ಅಂತ ಹೇಳುವುದು ಎಂತ ಚಂದ?

ಈಗ ಪ್ರಶ್ನೆ ಕೇಳಿದವರಿಗೆ. 58 ಸಾವಿರಕ್ಕೆ ಡಿಪಿಎಫ್ ಆಯುಷ್ಯ ಮುಗಿಯುವುದು ನನಗೆ ನಂಬಲಿಕ್ಕೆ ಕಷ್ಟ. ಯಾಕೆ ಅಂತ ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ.

ಡಿಪಿಎಫ್ ಒಳಗೆ ಎರಡು ಬಗೆಯದ್ದು ತುಂಬ್ತದೆ, ಮಸಿ ಮತ್ತೆ ಬೂದಿ. ಮಸಿ ಅಂದ್ರೆ ಡೀಸೆಲ್ ಸರಿ ಉರಿಯದೆ ಉಳಿದ ಇಂಗಾಲ, ಅದು ಸುಟ್ಟರೆ ಹೋಗ್ತದೆ. ಬೂದಿ ಬರುವುದು ಮುಖ್ಯವಾಗಿ ಎಂಜಿನ್ ಆಯಿಲಿನಲ್ಲಿರುವ ಕ್ಯಾಲ್ಸಿಯಂ, ಸತುವಿನಂಥ ಅಡಿಟಿವ್‌ಗಳಿಂದ, ಅದು ಸುಟ್ಟರೂ ಹೋಗುವುದಿಲ್ಲ. ಸೌದೆ ಒಲೆಯಲ್ಲಿ ಇದ್ದಿಲು ಉರಿದು ಹೋಗಿ ಬೂದಿ ಮಾತ್ರ ಉಳೀತದಲ್ಲ, ಅದೇ ಲೆಕ್ಕ. ಬೂದಿ ತುಂಬಲಿಕ್ಕೆ ಸರಿಯಾದ ಆಯಿಲ್ ಹಾಕಿದ್ರೆ ಲಕ್ಷ ಕಿಲೋಮೀಟರಿನ ಆಚೆ ಆಗ್ತದೆ, ಮತ್ತೆ ಬೂದಿಗೆ ಕೋಡೇ ಬೇರೆ ಉಂಟು, ಪಿ242ಎಫ್. ನಿಮಗೆ ಬಂದದ್ದು ಪಿ2463, ಅಂದ್ರೆ ಮಸಿ ಜಾಸ್ತಿ ಆಗಿದೆ ಅಂತ. ಅಷ್ಟೇ ಅದು ಹೇಳುವುದು. ಫಿಲ್ಟರ್ ಬಿಸಾಕಿ ಅಂತ ಆ ಕೋಡ್ ಎಲ್ಲಿಯೂ ಹೇಳುವುದಿಲ್ಲ. ಸುಡಬೇಕಾದ ಮಸಿ ಎಂತಕ್ಕೆ ಸುಡ್ಲಿಲ್ಲ ಅನ್ನುವುದೇ ನಿಮ್ಮ ಪ್ರಶ್ನೆ ಆಗಬೇಕು. ಅದು ಗೊತ್ತಾಗದೆ ಹೊಸ ಡಿಪಿಎಫ್ ಹಾಕಿದ್ರೆ ಅದೂ ತುಂಬ್ತದೆ, ಆಗ ಇನ್ನೊಂದು 1.3 ಲಕ್ಷ.

ಹೊಗೆ ಇಲ್ಲ ಅಂದ್ರಲ್ಲ, ಅದು ಒಳ್ಳೆ ಸುದ್ದಿಯೇ. ಫಿಲ್ಟರ್ ತುಂಬಿದ್ರೆ ಹೊಗೆ ಬರುವುದಿಲ್ಲ, ಫಿಲ್ಟರ್ ಒಡೆದ್ರೆ ಬರ್ತದೆ. ಒಳಗೆ ಜೇನುಗೂಡಿನ ಥರ ಸಣ್ಣ ಸಣ್ಣ ಕೊಳವೆ ಇರ್ತವೆ, ಒಂದು ಬಿಟ್ಟು ಒಂದರ ಬಾಯಿ ಮುಚ್ಚಿರ್ತದೆ, ಗಾಳಿ ಗೋಡೆಯ ರಂಧ್ರದಲ್ಲೇ ನುಸುಳಿ ಹೋಗಬೇಕು, ಮಸಿ ಗೋಡೆಗೆ ಅಂಟಿಕೊಳ್ತದೆ. ಸೈಲೆನ್ಸರ್ ತಣ್ಣಗಿರುವಾಗ ಬಾಯಿಯ ಒಳಗೆ ಬಿಳಿ ಬಟ್ಟೆ ಹಾಕಿ ಒರೆಸಿ ನೋಡಿ. ಕಪ್ಪು ಮಸಿ ಬಾರದಿದ್ರೆ ಫಿಲ್ಟರ್ ಒಡೆದಿಲ್ಲ. (ಸೆಕೆಂಡ್ ಹ್ಯಾಂಡ್ ಬಿಎಸ್6 ಡೀಸೆಲ್ ತಗೊಳ್ಳುವವರೂ ಇದನ್ನು ಮಾಡಿ ಆಯ್ತಾ, ಟರ್ಬೊ ತಮ್ಮನ ಫ್ರೆಂಡಿನ ಗಾಡಿ ಆದ್ರೆ ಬೆರಳು ಹಾಕಿದ ಕೂಡಲೆ ಗೊತ್ತಾಗ್ತದೆ.) ಎಮಿಷನ್ ಟೆಸ್ಟಿನವರು ಡೀಸೆಲ್ ಗಾಡಿಗೆ ಆಕ್ಸಿಲರೇಟರ್ ಒತ್ತಿ ಹೊಗೆ ಎಷ್ಟು ದಟ್ಟ ಉಂಟು ಅಂತ ಮಾತ್ರ ನೋಡುವುದು, ಡಿಪಿಎಫ್ ಎಷ್ಟು ತುಂಬಿದೆ ಅಂತ ಆ ಮಿಷಿನಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಪಾಸ್ ಆದದ್ದರಲ್ಲಿ ಆಶ್ಚರ್ಯ ಇಲ್ಲ.

ಗಾಡಿ ಮಸಿ ಸುಡುವುದು ಹೇಗೆ? ಹೈವೇಯಲ್ಲಿ ಸೈಲೆನ್ಸರ್ ಬಿಸಿ ಇರುವಾಗ ಸ್ವಲ್ಪ ಸ್ವಲ್ಪ ತಾನಾಗೇ ಸುಡ್ತದೆ. ಅದು ಸಾಕಾಗದಿದ್ರೆ ಇಸಿಯು ತಾನೇ ಶುರು ಮಾಡ್ತದೆ, ಪಿಸ್ಟನ್ ಕೆಳಗೆ ಇಳಿಯುವ ಹೊತ್ತಿಗೆ ಇನ್ನೊಮ್ಮೆ ಡೀಸೆಲ್ ಬಿಟ್ಟು ಡಿಪಿಎಫ್ ಒಳಗೆ ಸುಮಾರು 600 ಡಿಗ್ರಿ ಬರುವ ಹಾಗೆ ಮಾಡ್ತದೆ. ಆದ್ರೆ ಇಸಿಯು ಅದಕ್ಕೆ ಕೈ ಹಾಕ್ಬೇಕಾದ್ರೆ ಕೆಲವು ಷರತ್ತು ಉಂಟು. ಎಂಜಿನ್ ಪೂರ್ತಿ ಬಿಸಿ ಆಗಿರ್ಬೇಕು, ಟ್ಯಾಂಕಲ್ಲಿ ಡೀಸೆಲ್ ರಿಸರ್ವ್‌ಗೆ ಬಂದಿರ್ಬಾರ್ದು, ಇಜಿಆರ್ (ಸ್ವಲ್ಪ ಹೊಗೆಯನ್ನು ವಾಪಸ್ ಎಂಜಿನ್ನಿಗೆ ಕಳಿಸುವ ವಾಲ್ವ್), ಟರ್ಬೊ, ಟೆಂಪರೇಚರ್ ಸೆನ್ಸರ್ ಯಾವುದರಲ್ಲೂ ದೋಷ ಇರ್ಬಾರ್ದು. ಒಂದು ತಪ್ಪಿದ್ರೂ ಅದು ಮಾಡುವುದಿಲ್ಲ, ಸುಮ್ಮನೆ ಮಸಿ ತುಂಬಿಸ್ತಾ ಹೋಗ್ತದೆ. ಸರ್ವಿಸ್ ಸೆಂಟರಿನ ಮಿಷಿನ್ ಹಾಕಿದ್ರೂ "ತಗೊಳ್ತಿಲ್ಲ" ಅಂದದ್ದು ಇದೇ ಕಾರಣಕ್ಕೆ ಇರ್ಬಹುದು. ಇಲ್ಲಾಂದ್ರೆ ಮಸಿ ಲಿಮಿಟ್ ದಾಟಿರ್ಬಹುದು, ತುಂಬಾ ಮಸಿ ಇರುವಾಗ ಒಟ್ಟಿಗೆ ಹೊತ್ತಿಕೊಂಡ್ರೆ ಒಳಗಿನ ಸೆರಾಮಿಕ್ ಬಿರುಕು ಬಿಡ್ತದೆ ಅಂತ ಇಸಿಯು ಬಿಡುವುದಿಲ್ಲ. ಎರಡರಲ್ಲಿ ಯಾವುದು ಅಂತ ಅವರು ಹೇಳಿದ್ರಾ?

ನೀವು ಮಾಡಬೇಕಾದ್ದು, ಗಾಡಿಯ ಕೋಡ್ ಓದುವ ಒಂದು ಬ್ಲೂಟೂತ್ ಓಬಿಡಿ ಅಡಾಪ್ಟರ್ ತಗೊಳ್ಳಿ, ಸಾವಿರ ರೂಪಾಯಿ ಆಸುಪಾಸಿನದ್ದು ಸಾಕು, ಮೊಬೈಲಲ್ಲಿ ಯಾವುದಾದ್ರೂ ಓಬಿಡಿ ಆಪ್ ಹಾಕಿ. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಉಂಟು. ಕೋಡ್ ಕ್ಲಿಯರ್ ಮಾಡ್ಲಿಕ್ಕೆ ಹೋಗ್ಬೇಡಿ, ಕ್ಲಿಯರ್ ಮಾಡಿದ್ರೆ ಫ್ರೀಜ್ ಫ್ರೇಮೂ ಅಳಿಸಿ ಹೋಗ್ತದೆ. ಫ್ರೀಜ್ ಫ್ರೇಮ್ ಅಂದ್ರೆ ಲೈಟ್ ಹತ್ತಿದ ಆ ಕ್ಷಣದಲ್ಲಿ ಸ್ಪೀಡ್ ಎಷ್ಟಿತ್ತು, ಕೂಲೆಂಟ್ ಎಷ್ಟು ಬಿಸಿ ಇತ್ತು ಅಂತ ಇಸಿಯು ಬರೆದಿಟ್ಟುಕೊಂಡದ್ದು. ಅದನ್ನು, ಪೆಂಡಿಂಗ್ ಕೋಡ್ (ಇನ್ನೂ ಖಚಿತ ಆಗದ ದೋಷದ್ದು) ಎಲ್ಲ, ಮತ್ತೆ ಡಿಪಿಎಫ್ ಡಿಫರೆನ್ಷಿಯಲ್ ಪ್ರೆಶರ್ (ಫಿಲ್ಟರಿನ ಮುಂದೆ ಹಿಂದಿನ ಒತ್ತಡದ ವ್ಯತ್ಯಾಸ) ಮೂರು ಹೊತ್ತಿನದ್ದು ಇಲ್ಲಿ ಹಾಕಿ: ಕೀ ಆನ್ ಎಂಜಿನ್ ಆಫ್, ಐಡಲ್, ಎರಡೂವರೆ ಸಾವಿರ ಆರ್‌ಪಿಎಂ. ಎಂಜಿನ್ ಆಫ್ ಇರುವಾಗ ಸೊನ್ನೆ ತೋರಿಸ್ಬೇಕು. ಸೊನ್ನೆ ಬಾರದಿದ್ರೆ ಸೆನ್ಸರೇ ಸುಳ್ಳು ಹೇಳ್ತಾ ಉಂಟು, ಫಿಲ್ಟರ್ ಖಾಲಿ ಇದ್ರೂ ಫುಲ್ ಅಂತ ತೋರಿಸ್ತದೆ.

ಪೆಟ್ರೋಲ್_ಪಾರ್ಟಿ

ಥ್ರೆಡ್ ಹೈಜಾಕ್ ಮಾಡ್ತಿದೀನಿ ಬೇಜಾರ್ ಮಾಡ್ಕೋಬೇಡಿ, ನಂದು 2014 ಪೆಟ್ರೋಲ್ ಹ್ಯಾಚ್‌ಬ್ಯಾಕ್, ಪಿ0420 ಬರ್ತಾ ಇದೆ, ಕ್ಯಾಟ್ ಕನ್ವರ್ಟರ್ (ಸೈಲೆನ್ಸರ್ ಲೈನಲ್ಲಿ ವಿಷಗಾಳಿ ಕಮ್ಮಿ ಮಾಡೋ ಡಬ್ಬ) ಹೋಗಿದೆ ಅಂತ ಮೆಕ್ಯಾನಿಕ್ ಹೇಳ್ತಿದಾನೆ. ನಿಮ್ ಥರನೇ ಇದನ್ನೂ ನೋಡ್ಬಹುದಾ?

ಕಡಲ_ಕಡೆಯವ

ನೋಡ್ಬಹುದು. ಎರಡು ಆಕ್ಸಿಜನ್ ಸೆನ್ಸರಿನ ಗ್ರಾಫ್ ಹಾಕಿ, ಎಂಜಿನ್ ಚೆನ್ನಾಗಿ ಬಿಸಿ ಆದ ಮೇಲೆ 2500 ಆರ್‌ಪಿಎಂ ಹಿಡಿದು. ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಮೇಲೆ ಕೆಳಗೆ ಕುಣೀತಾ ಇರ್ಬೇಕು, ಕ್ಯಾಟಿನ ಹಿಂದಿನದ್ದು 0.6-0.7 ಹತ್ರ ಸುಮ್ಮನೆ ಕೂತಿರ್ಬೇಕು. ಹಿಂದಿನದ್ದೂ ಮುಂದಿನದ್ದರ ಹಾಗೇ ಕುಣಿದ್ರೆ ಕ್ಯಾಟ್ ಕೆಲಸ ಮಾಡ್ತಾ ಇಲ್ಲ ಅಂತ. ಆದ್ರೆ ಅದಕ್ಕೆ ಮೊದಲು ಸೈಲೆನ್ಸರ್ ಜಾಯಿಂಟಲ್ಲಿ ಲೀಕ್ ಉಂಟಾ ನೋಡಿ, ಹೊರಗಿನ ಗಾಳಿ ಸೇರಿದ್ರೆ ಸೆನ್ಸರ್ ಲೆಕ್ಕ ತಪ್ತದೆ. ಪ್ಲಗ್ ಮಿಸ್ ಆಗ್ತಾ ಉಂಟಾ, ಎಂಜಿನ್ ಆಯಿಲ್ ಕುಡೀತಾ ಉಂಟಾ, ಅದನ್ನೂ ನೋಡಿ, ಕ್ಯಾಟನ್ನು ಕೊಲ್ಲುವುದು ಅವೇ. ಕೊನೆಗೆ ಬದಲಾಯಿಸುವುದೇ ಆದ್ರೆ ಹಳೇದನ್ನು ಕೈಯಲ್ಲಿ ಹಿಡಿದು ಮನೆಗೆ ತನ್ನಿ ಮಾರಾಯ್ರೆ, ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಉಂಟು, ಗುಜರಿಯವರು ಒಳ್ಳೆ ರೇಟ್ ಕೊಡ್ತಾರೆ. ಕೆಲವು ಕಡೆ "ಕ್ಯಾಟ್ ಹೋಗಿದೆ" ಅನ್ನುವ ಉತ್ಸಾಹ ಅಲ್ಲಿಂದಲೇ ಬರುವುದು. ಉಳಿದದ್ದು ಬೇರೆ ಥ್ರೆಡ್ ಹಾಕಿ, ಇಲ್ಲಿ ಬೇಡ.

ಬನಶಂಕರಿ_ಡೀಸೆಲ್

ತುಂಬಾ ಥ್ಯಾಂಕ್ಸ್ ಸರ್, ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ಅಡಾಪ್ಟರ್ ತರಿಸ್ದೆ. ಪುಣ್ಯಕ್ಕೆ ಸರ್ವಿಸ್ ಸೆಂಟರ್‌ನೋರು ಕೋಡ್ ಕ್ಲಿಯರ್ ಮಾಡಿರ್ಲಿಲ್ಲ. ನೋಡಿ:

ಕನ್ಫರ್ಮ್ಡ್ ಕೋಡ್ ಪಿ2463. ಪೆಂಡಿಂಗ್‌ನಲ್ಲಿ ಇನ್ನೊಂದಿದೆ, ಪಿ0128. ಇದ್ರ ಬಗ್ಗೆ ಸರ್ವಿಸ್ ಸೆಂಟರ್‌ನೋರು ಬಾಯೇ ಬಿಟ್ಟಿರ್ಲಿಲ್ಲ.

ಪ್ರೆಶರ್: ಎಂಜಿನ್ ಆಫ್ 0, ಐಡಲ್ 2.6 ಕೆಪಿಎ, 2500ರಲ್ಲಿ 17-18 ಕೆಪಿಎ.

ಫ್ರೀಜ್ ಫ್ರೇಮ್: ಸ್ಪೀಡ್ 88, ಆರ್‌ಪಿಎಂ 2310, ಇನ್‌ಟೇಕ್ ಗಾಳಿ 31 ಡಿಗ್ರಿ, ಕೂಲೆಂಟ್ 59 ಡಿಗ್ರಿ, ಸ್ಟಾರ್ಟ್ ಆಗಿ 2540 ಸೆಕೆಂಡ್.

ಬಿಳಿ ಬಟ್ಟೆ ಹಾಕಿ ಸೈಲೆನ್ಸರ್ ಒರೆಸ್ದೆ, ಸ್ವಲ್ಪ ಧೂಳು ಬಂತು ಅಷ್ಟೆ, ಮಸಿ ಇಲ್ಲ. ಈ 59 ಡಿಗ್ರಿ ಕಮ್ಮಿನಾ? ನಮ್ ಗಾಡಿಲಿ ಟೆಂಪರೇಚರ್ ಮುಳ್ಳೇ ಇಲ್ಲ, ತಣ್ಣಗಿದ್ರೆ ನೀಲಿ ಲೈಟು, ಹೀಟ್ ಆದ್ರೆ ಕೆಂಪು ಲೈಟು, ಎರಡೇ. ನೀಲಿ ಲೈಟ್ ಬೆಳಗ್ಗೆ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತಿಗೆ ಹೋಗಿಬಿಡುತ್ತೆ.

ಹುಬ್ಳಿ_ಗ್ಯಾರೇಜ್

ಇಷ್ಟೊತ್ತು ಸುಮ್ನ ಓದಾಕತ್ತಿದ್ದೆ, ಈಗ ಬರೀಬೇಕಾತು ನೋಡ್ರಿ. 2540 ಸೆಕೆಂಡ್ ಅಂದ್ರ 42 ನಿಮಿಷ. 42 ನಿಮಿಷ ಗಾಡಿ ಓಡೇತಿ, 88ರಾಗ ಹೊಂಟೇತಿ, ಹೊರಗಿನ ಗಾಳಿ 31 ಡಿಗ್ರಿ ಐತಿ, ಕೂಲೆಂಟ್ ಮಾತ್ರ 59. ಇಷ್ಟೊತ್ತಿಗೆ 85-90 ಇರಬೇಕಿತ್ತ್ರಿ. ನಿಮ್ಮ ಡಿಪಿಎಫ್‌ನಾಗ ದೋಷ ಏನೂ ಇಲ್ರಿ, ಥರ್ಮೋಸ್ಟಾಟ್ (ಎಂಜಿನ್ ಬಿಸಿ ಆಗೋತನಕ ಕೂಲೆಂಟ್ ರೇಡಿಯೇಟರ್‌ಗೆ ಹೋಗದಂಗ ತಡಿಯೋ ವಾಲ್ವ್) ನೋಡ್ರಿ ಮೊದಲ. ಪಿ0128 ಅಂದ್ರೂ ಅದಾ, ಕೂಲೆಂಟ್ ಬಿಸಿ ಆಗಬೇಕಾದಷ್ಟು ಆಗವಲ್ದು ಅಂತ.

ಈಗ ನಾ ಒಂದು ಮಾತು ಕೇಳ್ತೀನಿ, ಖರೆ ಹೇಳ್ರಿ. ಮೈಲೇಜ್ ಒಂದು ವರ್ಷದಿಂದ ಕಮ್ಮಿ ಅಂದ್ರಿ. ಒಂದು ವರ್ಷದ ಹಿಂದ ಕೂಲೆಂಟ್ ಕೆಲಸ ಏನರ ಮಾಡ್ಸೀರೇನು? ಪೈಪ್ ಒಡದಿತ್ತು, ವಾಟರ್ ಪಂಪ್ ಲೀಕ್ ಆಗಿತ್ತು, ಹಂಗ ಏನರ? ಹೊರಗಿನ ಗ್ಯಾರೇಜ್‌ನಾಗ?

ಯಾಕ ಕೇಳಾಕತ್ತೀನಿ ಅಂದ್ರ, ನಮ್ಮ ಕಡೆ ಹಳೇ ಮಿಸ್ತ್ರಿಗೋಳದು ಒಂದು ಚಟ ಐತಿ. ಗಾಡಿ ಹೀಟ್ ಆತಂತ ಬಂದ್ರ ಥರ್ಮೋಸ್ಟಾಟ್ ತಗದು ಒಗದುಬಿಡ್ತಾರ. ನಮ್ಮ ದೇಶ ಬಿಸಿಲಿನ ದೇಶ, ಇದು ಯಾಕ ಬೇಕು, ನೀರು ಆರಾಮ ತಿರಗಲಿ ಅಂತ. ಹಳೇ ಜೀಪು, ಹಳೇ ಟೆಂಪೋಕ್ಕ ಅದು ನಡೀತಿತ್ತ್ರಿ, ಮೈಲೇಜ್ ಸ್ವಲ್ಪ ಬೀಳ್ತಿತ್ತು ಅಷ್ಟ. ಬಿಎಸ್6 ಗಾಡಿಗೆ ಮಾಡಿದ್ರ ಡಿಪಿಎಫ್ ಸಾಯ್ತೈತಿ. ಇಂಥಾ ಗಾಡಿ ನನ್ನ ಕಡೆ ಬಂದಾವು, ಕೋಡ್ ಓದಿದವರೆಲ್ಲ ಡಿಪಿಎಫ್ ಅಂತ ಹೇಳಿ ಕಳಿಸಿದ್ದಾವು.

ಇನ್ನ ನೀವು ಹೈವೇಕ್ಕ ಹೋದ್ರೂ ಲೈಟ್ ಹೋಗಲಿಲ್ಲ, ಹೆಚ್ಚಾತು ಅಂದ್ರಲ್ಲ, ಅದು ಇದಕ್ಕ ಸಾಕ್ಷಿ ಆತು. ಥರ್ಮೋಸ್ಟಾಟ್ ಇಲ್ಲದ ಗಾಡಿ ಟ್ರಾಫಿಕ್‌ನಾಗ ನಿಂತಾಗ ಅಷ್ಟಿಷ್ಟು ಬಿಸಿ ಆಗ್ತೈತಿ, ಹೈವೇಕ್ಕ ಹೋದಕೂಡ್ಲೆ ರೇಡಿಯೇಟರ್‌ಗೆ ಗಾಳಿ ಬಡದು ಇನ್ನೂ ತಣ್ಣಗ ಆಗ್ತೈತಿ. ಮಂದಿ ಎಲ್ಲಾ ಹೈವೇಕ್ಕ ಒಯ್ರಿ ಅಂತಾರ, ನಿಮ್ಮ ಗಾಡಿಗೆ ಅದಾ ಉಲ್ಟಾ ಹೊಡದೈತಿ. ಇಸಿಯು ಏನ್ ಮಾಡ್ತೈತಿ, ಎಂಜಿನ್ ಇನ್ನೂ ಬಿಸಿ ಆಗಿಲ್ಲ ಅಂತ ತಿಳ್ಕೊಂಡು ರೀಜೆನ್ ಕೊಡಂಗಿಲ್ಲ. ಮ್ಯಾಲೆ ಎಂಜಿನ್ ತಣ್ಣಗಿದ್ರ ಮಸೀನೂ ಜಾಸ್ತಿ.

ಬಿಚ್ಚೋಕಿಂತ ಮೊದಲ ಮನ್ಯಾಗ ಎರಡು ಟೆಸ್ಟ್ ಮಾಡ್ರಿ. ಮುಂಜಾನೆ ತಣ್ಣನ್ನ ಗಾಡಿ ಸ್ಟಾರ್ಟ್ ಮಾಡಿ ರೇಡಿಯೇಟರ್‌ಗೆ ಹೋಗೋ ಮ್ಯಾಲಿನ ದಪ್ಪ ರಬ್ಬರ್ ಪೈಪ್ ಮುಟ್ಟಿ ನೋಡ್ರಿ, ಫ್ಯಾನ್‌ನಿಂದ ಕೈ ದೂರ ಇರಲಿ. ಥರ್ಮೋಸ್ಟಾಟ್ ಚೊಲೊ ಇದ್ರ ಆ ಪೈಪ್ ಭಾಳೊತ್ತು ತಣ್ಣಗ ಇದ್ದು, 80ರ ಆಜೂಬಾಜು ಬಂದಮ್ಯಾಲೆ ಒಮ್ಮಿಗೆ ಬಿಸಿ ಆಗ್ತೈತಿ. ಇಲ್ಲಂದ್ರ ಸ್ಟಾರ್ಟ್ ಮಾಡಿದ ಹೊತ್ತಿಂದನ ಎಂಜಿನ್ ಜೋಡಿ ಅದೂ ನಿಧಾನಕ ಬೆಚ್ಚಗಾಗ್ಕೊಂತ ಬರ್ತೈತಿ. ಎರಡನೇದು, ಹೈವೇದಾಗ ಎಸಿ ಬಂದ್ ಮಾಡಿ ಹೀಟರ್ ಫುಲ್ ಹಾಕ್ರಿ. ಬರೇ ಉಗುರು ಬೆಚ್ಚಗಿನ ಗಾಳಿ ಬಂತಂದ್ರ ಮುಗೀತು.

ಹಂಗ ಇಂಟರ್‌ಕೂಲರ್ ಪೈಪಿನ ಜಾಯಿಂಟೂ ಒಮ್ಮೆ ನೋಡಿಬಿಡ್ರಿ, ಎಣ್ಣಿ ಹಸಿ ಕಂಡ್ರ ಅಲ್ಲಿ ಗಾಳಿ ಲೀಕ್ ಐತಿ ಅಂತ, ಗಾಳಿ ಕಮ್ಮಿ ಬಿದ್ರ ಮಸಿ ಹೆಚ್ಚು. ನಿಮಗ ಟರ್ಬೊ ಗಾಳಿ ಕಮ್ಮಿ ಅನ್ನೋ ಪಿ0299 ಕೋಡ್ ಬಂದಿಲ್ಲ, ಅದಕ್ಕ ಅದು ಇರಲಿಕ್ಕಿಲ್ಲ ಅನಸ್ತೈತಿ.

ಬನಶಂಕರಿ_ಡೀಸೆಲ್

ಹುಬ್ಳಿ ಸರ್ ನೀವು ಜ್ಯೋತಿಷಿನಾ?? ಹೋದ್ ವರ್ಷ ಊರಿಂದ ಬರ್ತಾ ದಾರೀಲಿ ರೇಡಿಯೇಟರ್ ಕೆಳಗಿನ ಪೈಪ್ ಬಿಟ್ಕೊಂಡು ಕೂಲೆಂಟ್ ಎಲ್ಲ ಸುರಿದೋಗಿತ್ತು, ಹೈವೇ ಪಕ್ಕದ ಒಂದು ಗ್ಯಾರೇಜಲ್ಲಿ ಪೈಪ್ ಹಾಕಿಸ್ಕೊಂಡು ಬಂದಿದ್ದೆ. ಆ ಹುಡುಗ "ಇನ್ಮೇಲೆ ಹೀಟ್ ಆಗೋ ಮಾತೇ ಇಲ್ಲ ಅಣ್ಣ" ಅಂತ ಹೇಳಿದ್ದ, ಅದು ಈಗ ಅರ್ಥ ಆಗ್ತಿದೆ. ಮನೇಲಿ ಹೆಂಡತಿ ಚಿಕ್ಕಮಗಳೂರು ಟ್ರಿಪ್ಪಲ್ಲಿ ಹೀಟರ್ ಬಿಸಿ ಬರ್ತಿಲ್ಲ ಅಂತಾನೂ ಹೇಳಿದ್ಲು.

ಪೈಪ್ ಮುಟ್ಟಿ ನೋಡ್ದೆ, ನೀವು ಹೇಳಿದಂಗೇ ಶುರುವಿಂದಾನೇ ಬೆಚ್ಚಗಾಗ್ತಾ ಬಂತು. ನಾಳಿದ್ದು ಬೇರೆ ಕಡೆ ತೋರಿಸ್ತಿದೀನಿ. ಥರ್ಮೋಸ್ಟಾಟ್ ಹಾಕಿದ್ಮೇಲೆ ಡಿಪಿಎಫ್ ತಾನೇ ಸರಿ ಹೋಗುತ್ತಾ, ಇಲ್ಲಾ ಮತ್ತೆ ಹೈವೇಲಿ ಓಡಿಸ್ಬೇಕಾ?

ಕಡಲ_ಕಡೆಯವ

ಹುಬ್ಬಳ್ಳಿಯವರೇ ನಿಮಗೆ ದೊಡ್ಡ ನಮಸ್ಕಾರ, ಆ 59ನ್ನು ನೋಡಿ ನಾನೂ ಥರ್ಮೋಸ್ಟಾಟ್ ಕಚ್ಚಿಕೊಂಡಿದೆ ಅಂತ ಬರೀಲಿಕ್ಕೆ ಕೂತಿದ್ದೆ, ತೆಗೆದೇ ಹಾಕಿರ್ತಾರೆ ಅನ್ನುವುದು ಗ್ಯಾರೇಜಿನಲ್ಲಿ ಕೂತವರಿಗೇ ಹೊಳೆಯುವುದು.

ಬನಶಂಕರಿಯವರೇ, ಎಂಜಿನ್ ಲೈಟ್ ಬಂದು ಪಿಕಪ್ ಬಿದ್ದ ಮೇಲೆ ಹೆಚ್ಚಿನ ಗಾಡಿ ತಾನಾಗಿ ರೀಜೆನ್ ಮಾಡುವುದಿಲ್ಲ, ಸ್ಕ್ಯಾನರ್ ಹಾಕಿ ಮಾಡಿಸ್ಬೇಕು. ಸೀಕ್ವೆನ್ಸ್ ತಪ್ಪಬಾರ್ದು: ಮೊದಲು ಥರ್ಮೋಸ್ಟಾಟ್, ಸರಿಯಾದ ಕೂಲೆಂಟ್ ತುಂಬಿಸಿ ಏರ್ ತೆಗೆಯುವುದು, ಒಂದು ರೌಂಡ್ ಓಡಿಸಿ 85 ದಾಟ್ತದಾ ನೋಡುವುದು, ಆಮೇಲೆ ರೀಜೆನ್. ಅದಕ್ಕೆ ಮೊದಲು ಸ್ಕ್ಯಾನರಲ್ಲಿ ಮಸಿ ಎಷ್ಟು ಗ್ರಾಂ ತೋರಿಸ್ತದೆ, ಅದು ಕಂಪನಿ ಹೇಳಿದ ಲಿಮಿಟ್ ಒಳಗೆ ಉಂಟಾ ಅಂತ ಕೇಳಿ. ಲಿಮಿಟ್ ದಾಟಿದ್ರೆ ಒತ್ತಾಯ ಮಾಡಿ ಸುಡಿಸ್ಬೇಡಿ, ಬಿಚ್ಚಿ ಹೊರಗೆ ಕ್ಲೀನ್ ಮಾಡಿಸುವುದು ಸುರಕ್ಷಿತ, ಅದಕ್ಕೂ ಹೊಸ ಡಿಪಿಎಫಿನ ರೇಟ್ ಆಗುವುದಿಲ್ಲ.

ನಿಂತಲ್ಲೇ ರೀಜೆನ್ ಮಾಡುವಾಗ ಗಾಡಿ ಖಾಲಿ ಜಾಗದಲ್ಲಿ ಇರ್ಲಿ, ಕೆಳಗೆ ಒಣ ಹುಲ್ಲು, ಕಸ, ಗ್ರೀಸ್ ಬಟ್ಟೆ ಎಂತದ್ದೂ ಇರ್ಬಾರ್ದು. ಅರ್ಧ ಗಂಟೆ ಆಸುಪಾಸು ಎಂಜಿನ್ ತಾನೇ ಆರ್‌ಪಿಎಂ ಏರಿಸಿಕೊಂಡು ಕೂತಿರ್ತದೆ, ಫ್ಯಾನ್ ಜೋರಾಗಿ ತಿರುಗ್ತದೆ, ಸುಟ್ಟ ವಾಸನೆ ಬರ್ತದೆ. ಹೆದರಿ ನಡುವಲ್ಲಿ ಆಫ್ ಮಾಡ್ಬೇಡಿ.

ಆದ ಮೇಲೆ ಎಂಜಿನ್ ಆಯಿಲ್ ಬದಲಾಯಿಸಿ. ರೀಜೆನ್‌ಗೆ ಅಂತ ಬಿಟ್ಟ ಡೀಸೆಲ್ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಆಯಿಲಿಗೆ ಇಳೀತದೆ, ಅರ್ಧಕ್ಕೆ ನಿಂತ ರೀಜೆನ್ ಜಾಸ್ತಿ ಆದಷ್ಟೂ ಹೆಚ್ಚು. ಈಗಲೇ ಡಿಪ್‌ಸ್ಟಿಕ್ ತೆಗೆದು ನೋಡಿ, ಆಯಿಲ್ ಮ್ಯಾಕ್ಸಿಮಮ್ ಗೆರೆಗಿಂತ ಮೇಲಿದ್ರೆ ಡೀಸೆಲ್ ಸೇರಿದೆ ಅಂತ. ಆಯಿಲ್ ಮ್ಯಾನ್ಯುಯಲಿನಲ್ಲಿ ಹೇಳಿದ್ದೇ ಆಗ್ಬೇಕು, ಡಿಪಿಎಫ್ ಗಾಡಿಗೆ ಸಾಮಾನ್ಯವಾಗಿ ಎಸಿಇಎ (ಯುರೋಪಿನ ಆಯಿಲ್ ದರ್ಜೆ) ಸಿ2 ಅಥವಾ ಸಿ3, ಬೂದಿ ಕಮ್ಮಿ ಇರುವಂಥದ್ದು. ಡಬ್ಬದ ಹಿಂದೆ ಸಣ್ಣಕ್ಷರದಲ್ಲಿ ಇರ್ತದೆ, ಬರೀ 5ಡಬ್ಲ್ಯೂ30 ಅಂತ ನೋಡಿದ್ರೆ ಸಾಲದು.

ಟರ್ಬೊ_ತಮ್ಮ

ಸರ್ ಒಂದು ಡೌಟು, ಬಿಎಸ್4 ಗಾಡಿಗಳಿಗೆ ಈ ತಲೆನೋವೇ ಇರ್ಲಿಲ್ವಲ್ಲ. ಯಾಕ್ ಬೇಕಿತ್ತು ಇದು

ಕಡಲ_ಕಡೆಯವ

2020ರ ಏಪ್ರಿಲ್ 1ರಿಂದ ದೇಶ ಪೂರ್ತಿ ಬಿಎಸ್6 ಬಂತಲ್ಲ, ಡೀಸೆಲಿನಲ್ಲಿರುವ ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿಸಿದ್ರು, ಕಣಗಳ ತೂಕದ ಜೊತೆಗೆ ಸಂಖ್ಯೆಗೂ ಲಿಮಿಟ್ ಬಂತು. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಹಿಡಿಯಲಿಕ್ಕೆ ಡಿಪಿಎಫ್ ಇಲ್ಲದೆ ಆಗುವುದಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲಿನಲ್ಲಿ ಬೈಕಲ್ಲಿ ಒಮ್ಮೆ ನಿಂತು ನೋಡಿ, ಯಾಕೆ ಬೇಕಿತ್ತು ಅಂತ ಗೊತ್ತಾಗ್ತದೆ. ಆದ್ರೆ ನಿಮ್ಮ ಮಾತಲ್ಲಿ ಒಂದು ಸತ್ಯ ಉಂಟು, ದಿನಾ ಐದು ಆರು ಕಿಲೋಮೀಟರ್ ಟ್ರಾಫಿಕಲ್ಲಿ ಮಾತ್ರ ಓಡಿಸುವವರಿಗೆ ಡೀಸೆಲ್ ಮಾರಲೇಬಾರ್ದು. ಷೋರೂಮಿನಲ್ಲಿ ಯಾರೂ ಹೇಳುವುದಿಲ್ಲ.

ಬನಶಂಕರಿ_ಡೀಸೆಲ್

ಅಪ್ಡೇಟ್. ಹೌಸಿಂಗ್ ಬಿಚ್ಚಿದ್ರು, ನಾನೂ ಪಕ್ಕದಲ್ಲೇ ನಿಂತಿದ್ದೆ. ಒಳಗೆ ಥರ್ಮೋಸ್ಟಾಟೇ ಇಲ್ಲ! ಅದು ಕೂರೋ ಜಾಗ ಖಾಲಿ, ಪ್ಯಾಕಿಂಗ್ ಬದ್ಲು ಯಾವ್ದೋ ಕೆಂಪು ಸೀಲೆಂಟ್ ಬಳಿದು ಮುಚ್ಚಿದಾರೆ, ಒಂದಷ್ಟು ಒಳಗಡೆನೂ ಇಳಿದು ಅಂಚಲ್ಲಿ ಗಟ್ಟಿಯಾಗಿ ಕೂತಿತ್ತು. ಅದನ್ನೆಲ್ಲ ಕೆರೆದು ತೆಗೆದು ಹೊಸ ಥರ್ಮೋಸ್ಟಾಟ್, ಹೊಸ ಪ್ಯಾಕಿಂಗ್, ಹೊಸ ಕೂಲೆಂಟ್ ಹಾಕಿದ್ರು. ಓಡಿಸಿ ನೋಡಿದ್ರೆ ಕೂಲೆಂಟ್ 87-88ರಲ್ಲಿ ಬಂದು ನಿಂತ್ಕೊಳ್ತು, ಹೈವೇಲೂ ಇಳೀಲಿಲ್ಲ.

ಮಸಿ ಲಿಮಿಟ್‌ಗಿಂತ ಸ್ವಲ್ಪ ಒಳಗೇ ಇತ್ತು ಅಂದ್ರು, ರೀಜೆನ್ ಹಾಕಿದ್ರು, ಈ ಸಲ ಒಂದೇ ಏಟಿಗೆ ತಗೊಳ್ತು. ಈಗ ಐಡಲ್‌ನಲ್ಲಿ 0.4 ಕೆಪಿಎ, 2500ರಲ್ಲಿ 3.5ರ ಹತ್ರ. ಎರಡು ಲೈಟೂ ಇಲ್ಲ, ಪಿಕಪ್ ವಾಪಸ್ ಬಂದಿದೆ. ಆಯಿಲ್ ಗೆರೆ ಮೇಲೇ ಇತ್ತು, ಅದನ್ನೂ ಚೇಂಜ್ ಮಾಡಿಸ್ದೆ, ಸಿ3 ನೋಡಿನೇ ತಗೊಂಡೆ. ಎಲ್ಲ ಸೇರಿ ಡಿಪಿಎಫ್ ಎಸ್ಟಿಮೇಟಿನ ಹತ್ತನೇ ಒಂದು ಭಾಗನೂ ಆಗ್ಲಿಲ್ಲ. ಹುಬ್ಳಿ ಕಡೆ ಬಂದ್ರೆ ಗಿರ್ಮಿಟ್ ನನ್ ಕಡೆಯಿಂದ ಸರ್.

ಒಂದೇ ಪ್ರಶ್ನೆ ಉಳಿದಿದೆ, ಪಿ0128 ಅಷ್ಟು ದಿನದಿಂದ ಇದ್ರೆ ಎಂಜಿನ್ ಲೈಟ್ ಮೊದ್ಲೇ ಯಾಕೆ ಬರ್ಲಿಲ್ಲ?

ಹುಬ್ಳಿ_ಗ್ಯಾರೇಜ್

ಗಿರ್ಮಿಟ್ ಜೋಡಿ ಮಿರ್ಚಿನೂ ಬೇಕ್ರಿ ಮತ್ತ.

ಆ ಟೆಸ್ಟ್ ಇಸಿಯು ಪ್ರತಿ ಸಲ ಮಾಡಂಗಿಲ್ರಿ. ಪೂರ್ತಿ ತಣ್ಣಗ ಇದ್ದಾಗ ಸ್ಟಾರ್ಟ್ ಆಗಬೇಕು, ಆಮ್ಯಾಲೆ ಇಷ್ಟು ಹೊತ್ತು ಇಷ್ಟು ಲೋಡ್‌ನಾಗ ಓಡಬೇಕು, ಆಗ ಮಾತ್ರ ಲೆಕ್ಕ ಹಾಕ್ತೈತಿ. ಒಮ್ಮೆ ಫೇಲ್ ಆದ್ರ ಪೆಂಡಿಂಗ್, ಮುಂದಿನ ಟೆಸ್ಟ್‌ನಾಗೂ ಫೇಲ್ ಆದ್ರ ಲೈಟ್. ನಡುವ ಒಮ್ಮೆ ಬೆಂಗಳೂರ ಟ್ರಾಫಿಕ್‌ನಾಗ ನಿಂತು ಬಿಸಿ ಆಗಿ ಪಾಸ್ ಆತಂದ್ರ ಪೆಂಡಿಂಗ್ ಅಳಿಸಿಹೋಗಿ ಹೊಳ್ಳಿ ಮೊದಲಿಂದ ಶುರು. ನಿಮ್ಮ ಓಡಾಟ ನೋಡಿದ್ರ ಹಂಗ ಆಗಿರಬೇಕು. ಅದಕ್ಕ ಸ್ಕ್ಯಾನ್ ಮಾಡಿಸಿದ್ರ ಪೆಂಡಿಂಗ್ ಪ್ರಿಂಟೂ ಕೇಳಿ ಇಸ್ಕೊಳ್ರಿ.

ಆ ಅಡಾಪ್ಟರ್ ಮಾತ್ರ ಸಾಕೆಟ್‌ನಾಗ ಹಂಗ ಬಿಡಬ್ಯಾಡ್ರಿ, ಗಾಡಿ ನಿಂತಾಗೂ ಬ್ಯಾಟರಿ ತಿಂತಾವು ಕೆಲವು.

ಪೆಟ್ರೋಲ್_ಪಾರ್ಟಿ

ನಂದೂ ಸಿಕ್ತು, ಕ್ಯಾಟ್ ಮುಂದಿನ ಫ್ಲೇಂಜ್ ಪ್ಯಾಕಿಂಗ್ ಸುಟ್ಟೋಗಿ ಟಿಕ್ ಟಿಕ್ ಅಂತ ಲೀಕ್ ಆಗ್ತಿದೆ. ಬೇರೆ ಥ್ರೆಡ್ ಹಾಕ್ತೀನಿ, ಗ್ರಾಫ್ ಸಮೇತ.